ಮೈಸೂರು–ಬೆಂಗಳೂರು ಪಂದ್ಯಕ್ಕೆ ಮುನ್ನ ಹೂಗ್ಯಂನ ಲೆಕ್ಕ

ಮಹಾರಾಜ ಟ್ರೋಫಿಯ ಇನ್ನೊಂದು ಆವೃತ್ತಿಯ ಮಾತು ಶುರುವಾಗಿದೆ. ರಾಜ್ಯದ ಆರು ತಂಡಗಳ ಕ್ರಿಕೆಟ್ ಟೂರ್ನಿ ಇದು. ಇದುವರೆಗಿನ ಪದ್ಧತಿಯೇ ಮುಂದುವರಿದರೆ ಪ್ರತಿ ತಂಡವೂ ಉಳಿದ ಐದನ್ನು ಎರಡೆರಡು ಸಲ ಎದುರಿಸುತ್ತದೆ. ಅಂದಮೇಲೆ ಮೈಸೂರು ವಾರಿಯರ್ಸ್ ಮತ್ತು ಬೆಂಗಳೂರು ಬ್ಲಾಸ್ಟರ್ಸ್ ಎದುರಾಗುವುದು ಖಾತ್ರಿ. ನಮ್ಮ ಕಡೆ ಉಳಿದ ಪಂದ್ಯ ತಪ್ಪಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಇದೊಂದನ್ನು ಮಾತ್ರ ಬಿಡುವುದಿಲ್ಲ. ಕೆಲಸಕ್ಕೆ ಹೋಗುವುದು ಬೆಂಗಳೂರಿಗೆ, ಕೂಗುವುದು ಮೈಸೂರಿಗೆ. ಯಾಕಪ್ಪಾ ಎಂದರೆ, ‘ಮೈಸೂರೇ ನಮ್ದು ಕಣಣ್ಣೊ’ ಅನ್ನುತ್ತಾರೆ ಹುಡುಗರು, ಬೇರೆ ಕಾರಣ ಬೇಕೇ ಎಂಬ ಧಾಟಿಯಲ್ಲಿ.

ಚಾಮರಾಜನಗರ ಜಿಲ್ಲೆಯ ನಮ್ಮ ಹೂಗ್ಯಂನಿಂದ ಮೈಸೂರು ನೂರು ಕಿಲೋಮೀಟರಿಗೂ ಹೆಚ್ಚು ದೂರ. ಮೀಣ್ಯಂ, ರಾಮಾಪುರ, ಹನೂರು, ಕೊಳ್ಳೇಗಾಲ ದಾಟಬೇಕು, ಕಾವೇರಿ ದಾಟಬೇಕು. ಪಂದ್ಯ ನೋಡಿ ಅದೇ ರಾತ್ರಿ ಬಸ್ಸು ಹಿಡಿದು ಮನೆ ಸೇರುವ ಆಸೆ ಯಾರಿಗೂ ಇಲ್ಲ. ಹಾಗಾದರೆ ‘ನಮ್ದು’ ಎನ್ನುವ ಈ ತಂಡ ನಮಗೆ ಎಷ್ಟು ಹತ್ತಿರ ಬಂದಿದೆ? ಮುಂದಿನ ಪಂದ್ಯದ ಬಗ್ಗೆ ಹೇಳುವ ಮೊದಲು ಹಿಂದಿನ ಹದಿನೇಳು ವರ್ಷಗಳನ್ನು ಒಮ್ಮೆ ತಿರುಗಿ ನೋಡುವುದು ಒಳ್ಳೆಯದು.

ಲೀಗ್ ಶುರುವಾದದ್ದು 2009ರಲ್ಲಿ. ಆಗ ಅದರ ಹೆಸರು ಕರ್ನಾಟಕ ಪ್ರೀಮಿಯರ್ ಲೀಗ್, ಬಾಯಲ್ಲಿ ಕೆಪಿಎಲ್. ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಶ್ರೀಕಂಠದತ್ತ ನರಸಿಂಹರಾಜ ಒಡೆಯರ್. ಎಂಟು ತಂಡಗಳಿಗೆ ಮಾಲೀಕರು ಸಿಕ್ಕರು, ಮೈಸೂರಿನ ತಂಡಕ್ಕೆ ‘ಮಹಾರಾಜಾಸ್’ ಎಂದು ಹೆಸರಾಯಿತು. ಮೊದಲ ವರ್ಷದ ಕಪ್ಪು ಬೆಂಗಳೂರಿನ ಪ್ರಾವಿಡೆಂಟ್ ತಂಡಕ್ಕೆ, ಎರಡನೆಯದು ಮಂಗಳೂರಿಗೆ. ಜಿಲ್ಲೆಗಳ ಹುಡುಗರು ಬೆಳಕಿಗೆ ಬರುತ್ತಾರೆ ಎಂಬ ಭರವಸೆ ಆಗಿನ ಮಾತುಗಳಲ್ಲೆಲ್ಲ ತುಂಬಿತ್ತು. 2010ರ ಕೊನೆಗೆ ಸಂಸ್ಥೆಯ ಆಡಳಿತ ಅನಿಲ್ ಕುಂಬ್ಳೆ ಮತ್ತು ಜಾವಗಲ್ ಶ್ರೀನಾಥ್ ಅವರ ಕೈಗೆ ಬಂತು. ಆಮೇಲೆ ಮೂರು ವರ್ಷ ಕೆಪಿಎಲ್ ನಡೆಯಲೇ ಇಲ್ಲ. ಅವರ ಅವಧಿಯಲ್ಲಿ ಬೇರೆ ಒಳ್ಳೆಯ ಕೆಲಸಗಳು ಆಗಿರಬಹುದು. ಆದರೆ ಜಿಲ್ಲೆಯ ಲೀಗು ಅಧ್ಯಕ್ಷರು ಬದಲಾದ ಕೂಡಲೇ ನಿಂತುಹೋಗುವಷ್ಟು ಹಗುರ ಎಂಬುದು ಅಂದೇ ಗೊತ್ತಾಯಿತು. 2013ರ ಡಿಸೆಂಬರಿನಲ್ಲಿ ಒಡೆಯರ್ ಮತ್ತೆ ಅಧ್ಯಕ್ಷರಾದರು, ಕೆಲವೇ ದಿನಗಳಲ್ಲಿ, ಡಿಸೆಂಬರ್ 10ರಂದು ತೀರಿಕೊಂಡರು. 2014ರಲ್ಲಿ ಲೀಗ್ ಮರುಹುಟ್ಟು ಪಡೆದಾಗ ಕಪ್ಪು ಎತ್ತಿದ್ದು ಹೊಸದಾಗಿ ಬಂದ ಮೈಸೂರು ವಾರಿಯರ್ಸ್. ಮೈಸೂರಿನ ಊದುಬತ್ತಿ ಮನೆತನದ ತಂಡ ಅದು.

ಆಮೇಲಿನ ಕಥೆ ಉತ್ತರ ಕರ್ನಾಟಕದ್ದು. 2015ರಲ್ಲಿ ಬಿಜಾಪುರ, 2016ರಲ್ಲಿ ಬಳ್ಳಾರಿ, 2017ರಲ್ಲಿ ಬೆಳಗಾವಿ, 2018ರಲ್ಲಿ ಮತ್ತೆ ಬಿಜಾಪುರ, 2019ರಲ್ಲಿ ಹುಬ್ಬಳ್ಳಿ. ಐದಕ್ಕೆ ಐದೂ ಆ ಕಡೆಗೇ ಹೋದವು. ಬೆಂಗಳೂರಿನಲ್ಲಿ ಕೂತವರು ಇದನ್ನು ಅಷ್ಟಾಗಿ ಗಮನಿಸಲಿಲ್ಲ ಎನಿಸುತ್ತದೆ. ತಂಡದ ಹೆಸರು ಒಂದು ಊರಿನದು, ಆಟಗಾರರು ಎಲ್ಲಿಯವರೋ, ಅದರಲ್ಲೇನು ಹೆಮ್ಮೆ ಎಂದು ಕೇಳುವವರಿದ್ದಾರೆ. ಕೇಳಲಿ. ಹುಬ್ಬಳ್ಳಿಯ ರಾಜನಗರ ಮೈದಾನದಲ್ಲಿ ಪಂದ್ಯ ನಡೆದ ವರ್ಷಗಳಲ್ಲಿ ಆ ಪ್ರಶ್ನೆಗೆ ಅಲ್ಲಿನ ಜನವೇ ಉತ್ತರ ಕೊಟ್ಟಿದ್ದಾರೆ.

2019ರ ಟೂರ್ನಿ ಮುಗಿದ ಮೇಲೆ ಬಂದದ್ದು ಪೊಲೀಸರು. ಬೆಂಗಳೂರಿನ ಸಿಸಿಬಿ ತನಿಖೆ ಮಾಡಿತು. ಮ್ಯಾಚ್ ಫಿಕ್ಸಿಂಗ್ ಆರೋಪದಲ್ಲಿ ಒಂದು ತಂಡದ ಮಾಲೀಕರು, ಕೆಲವು ಆಟಗಾರರು ಬಂಧಿತರಾದರು. 2022ರ ಜನವರಿಯಲ್ಲಿ ಹೈಕೋರ್ಟು, ಫಿಕ್ಸಿಂಗ್ ಎಂಬುದು ದಂಡ ಸಂಹಿತೆಯ 420ನೇ ಕಲಮಿನ ವಂಚನೆಯ ವ್ಯಾಪ್ತಿಗೆ ಬರುವುದಿಲ್ಲ, ಕ್ರಮ ಕೈಗೊಳ್ಳುವುದು ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು ಎಂದು ಆ ಪ್ರಕರಣವನ್ನು ರದ್ದು ಮಾಡಿತು. ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಮಾತ್ರ ಇಂದಿಗೂ ಕೊನೆ ಓವರಿನಲ್ಲಿ ಯಾರಾದರೂ ಕ್ಯಾಚು ಬಿಟ್ಟರೆ ‘ಮಾರ್ಕೊಂಡವ್ನೆ’ ಎಂಬ ಮಾತು ಥಟ್ಟನೆ ಬರುತ್ತದೆ. ತಮಾಷೆಗೇ ಅಂದರೂ ಅದು ಕೆಪಿಎಲ್ ಬಿಟ್ಟುಹೋದ ಆಸ್ತಿ.

ಅದೇ 2022ರ ಆಗಸ್ಟ್‌ನಲ್ಲಿ ಒಡೆಯರ್ ನೆನಪಿಗೆ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನೊಂದಿಗೆ ಆರು ತಂಡಗಳ ಟೂರ್ನಿ ಬಂತು. ಮೊದಲರ್ಧ ಮೈಸೂರಿನಲ್ಲಿ, ಉಳಿದದ್ದು ಬೆಂಗಳೂರಿನಲ್ಲಿ. ಆ ವರ್ಷದ ಫೈನಲ್ಲಿನಲ್ಲಿ ಗುಲ್ಬರ್ಗ ಮಿಸ್ಟಿಕ್ಸ್ ಬೆಂಗಳೂರನ್ನು 11 ರನ್ನಿಂದ ಸೋಲಿಸಿತು. 2023ರಲ್ಲಿ ಹುಬ್ಬಳ್ಳಿ ಟೈಗರ್ಸ್ ಮೈಸೂರನ್ನು 8 ರನ್ನಿಂದ ಸೋಲಿಸಿತು. ಗೆದ್ದ ಎರಡೂ ತಂಡಗಳ ನಾಯಕ ಮನೀಶ್ ಪಾಂಡೆ. ಅದೇ ಪಾಂಡೆಯನ್ನು 2025ರ ಹರಾಜಿನಲ್ಲಿ 12.20 ಲಕ್ಷಕ್ಕೆ ಕೊಂಡದ್ದು ಮೈಸೂರು. ಎರಡು ವರ್ಷ ಹಿಂದೆ ಫೈನಲ್ಲಿನಲ್ಲಿ ನಮ್ಮನ್ನು ಅಳಿಸಿದವರು ನಮ್ಮ ಜೆರ್ಸಿ ಹಾಕಿಕೊಂಡರು, ನಾವು ಚಪ್ಪಾಳೆ ತಟ್ಟಿದೆವು. ಹರಾಜಿನ ಕ್ರಿಕೆಟ್ಟಿನಲ್ಲಿ ಹಗೆ ಒಂದು ಹಂಗಾಮಿಗಿಂತ ಹೆಚ್ಚು ಬಾಳುವುದಿಲ್ಲ. ಬಾಳುವುದು ಊರಿನ ಹೆಸರು ಮಾತ್ರ.

ಆ ಹೆಸರಿನ ಅತ್ಯುತ್ತಮ ರಾತ್ರಿ 2024ರ ಸೆಪ್ಟೆಂಬರ್ 1. ಚಿನ್ನಸ್ವಾಮಿ ಕ್ರೀಡಾಂಗಣ, ಎದುರಿಗೆ ಬೆಂಗಳೂರು ಬ್ಲಾಸ್ಟರ್ಸ್, ಅದೂ ಫೈನಲ್. ಎಸ್.ಯು. ಕಾರ್ತಿಕ್ 71, ನಾಯಕ ಕರುಣ್ ನಾಯರ್ 66. ಅಲ್ಲಿಯವರೆಗೆ ಅದು ಒಳ್ಳೆಯ ಇನಿಂಗ್ಸ್ ಅಷ್ಟೆ. ಆಮೇಲೆ ಮನೋಜ್ ಭಾಂಡಗೆ ಬಂದು 13 ಎಸೆತದಲ್ಲಿ 44 ಹೊಡೆದು ಔಟಾಗದೆ ಉಳಿದರು. 170–180ರಲ್ಲಿ ನಿಲ್ಲಬಹುದಿದ್ದ ಮೊತ್ತ 207ಕ್ಕೆ ಏರಿತು. ಬೆಂಗಳೂರು 162ಕ್ಕೆ ಮುಗಿಯಿತು, 45 ರನ್ನಿನ ಸೋಲು. ಆ 13 ಎಸೆತಗಳನ್ನು ಹೂಗ್ಯಂನಂಥ ಊರಿನಲ್ಲಿ ನೋಡುವುದು ಹೇಗೆಂದು ಬೆಂಗಳೂರಿನವರಿಗೆ ಗೊತ್ತಿರಲಿಕ್ಕಿಲ್ಲ. ಸುತ್ತ ಕಾಡು, ನೆಟ್‌ವರ್ಕ್ ಒಂದು ಜಗಲಿಯಲ್ಲಿ ಸಿಕ್ಕರೆ ಪಕ್ಕದ ಜಗಲಿಯಲ್ಲಿ ಸಿಗದು. ಸಿಗ್ನಲ್ ಇರುವ ಜಾಗದಲ್ಲಿ ತಂಬಿಗೆಗೆ ಆನಿಸಿದ ಒಂದು ಫೋನು, ಅದರ ಮುಂದೆ ಎಂಟು ಹತ್ತು ತಲೆ. ಬೌಲರ್ ಓಡಿ ಬರುತ್ತಾನೆ, ಚಿತ್ರ ನಿಂತುಬಿಡುತ್ತದೆ, ಚಕ್ರ ತಿರುಗುತ್ತದೆ. ಮತ್ತೆ ಚಿತ್ರ ಬರುವಾಗ ಸ್ಕೋರು ಆರು ಹೆಚ್ಚಾಗಿರುತ್ತದೆ. ಸಿಕ್ಸರನ್ನು ಕಣ್ಣಿಂದ ಕಂಡವರಿಲ್ಲ, ಲೆಕ್ಕದಿಂದ ತಿಳಿದು ಕೂಗುವವರೇ ಎಲ್ಲ.

ಕರುಣ್ ನಾಯರ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. 2016ರಲ್ಲಿ ಟೆಸ್ಟ್ ತ್ರಿಶತಕ ಹೊಡೆದ ಮನುಷ್ಯ 2022ರ ಹೊತ್ತಿಗೆ ರಾಜ್ಯ ತಂಡದಲ್ಲೇ ಜಾಗವಿಲ್ಲದೆ, ಇನ್ನೊಂದು ಅವಕಾಶ ಕೊಡಿ ಎಂದು ಬಹಿರಂಗವಾಗಿ ಕೇಳಿಕೊಳ್ಳುವ ಸ್ಥಿತಿಗೆ ಬಂದಿದ್ದರು. ವಿದರ್ಭ ಆಸರೆ ಕೊಟ್ಟಿತು ಎಂದು ಎಲ್ಲರೂ ಬರೆಯುತ್ತಾರೆ, ಸರಿಯೇ. ಆದರೆ ನಡುವಿನ ಆಗಸ್ಟ್‌ಗಳಲ್ಲಿ ಅವರ ಕೈಗೆ ಬ್ಯಾಟು ಮತ್ತು ನಾಯಕತ್ವ ಎರಡನ್ನೂ ಕೊಟ್ಟದ್ದು ಮೈಸೂರು. 2023ರ ಸೆಮಿಫೈನಲ್ಲಿನಲ್ಲಿ 42 ಎಸೆತಕ್ಕೆ 107, 2024ರಲ್ಲಿ ಮಂಗಳೂರಿನ ಮೇಲೆ 48 ಎಸೆತಕ್ಕೆ ಔಟಾಗದೆ 124. 2025ರ ಜೂನ್‌ನಲ್ಲಿ ಅವರು ಲೀಡ್ಸ್‌ನಲ್ಲಿ ಮತ್ತೆ ಟೆಸ್ಟ್ ಆಡಿದರು. ಕೆಳಗಿನ ದರ್ಜೆಯ ಲೀಗು ಯಾತಕ್ಕೆ ಬೇಕು ಎನ್ನುವವರಿಗೆ ಇಷ್ಟು ಸಾಕು. ಸಾಲದಿದ್ದರೆ ಶಿವಮೊಗ್ಗ ತಂಡದ ಅಭಿನವ್ ಮನೋಹರ್ ಇದ್ದಾರೆ. 2024ರಲ್ಲಿ 52 ಸಿಕ್ಸರ್ ಬಾರಿಸಿದರು, ಅದೇ ನವೆಂಬರಿನಲ್ಲಿ ಐಪಿಎಲ್ ಹರಾಜಿನಲ್ಲಿ 3.2 ಕೋಟಿಗೆ ಹೋದರು.

ಇಷ್ಟೆಲ್ಲ ಜಮಾ ಬರೆದ ಮೇಲೆ ಖರ್ಚಿನ ಕಡೆಗೂ ಬರಬೇಕು.

ಹೋಲಿಕೆಗೆ ಅಮೆರಿಕವನ್ನು ನೋಡಿ. ಅಲ್ಲಿ ಬೇಸ್‌ಬಾಲಿಗೆ ಮೈನರ್ ಲೀಗ್ ಎಂಬುದಿದೆ. ಮೇಲಿನ 30 ದೊಡ್ಡ ತಂಡಗಳಲ್ಲಿ ಒಂದೊಂದಕ್ಕೂ ಕೆಳಗೆ ನಾಲ್ಕು ಮೆಟ್ಟಿಲು, ಒಟ್ಟು 120 ತಂಡ. ಅವು ಇರುವುದು ಬಹುಪಾಲು ನಮ್ಮ ಮಂಡ್ಯ, ಹಾಸನದಂಥ ಊರುಗಳಲ್ಲಿ. ಎದುರಾಳಿ ತಂಡ ಬಸ್ಸಿನಲ್ಲಿ ಬಂದು ಮಂಗಳವಾರದಿಂದ ಭಾನುವಾರದವರೆಗೆ ಅದೇ ಊರಿನಲ್ಲಿ ಬಿಡಾರ ಹೂಡಿ ಆರು ಪಂದ್ಯ ಆಡುತ್ತದೆ. ಒಂದೇ ವಿಭಾಗದ ಅಕ್ಕಪಕ್ಕದ ಊರುಗಳ ಹಟ ಹುಟ್ಟುವುದು ಅಲ್ಲಿ, ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ಸೋತು ಗೆದ್ದು ಬರುವುದರಲ್ಲಿ. ಅಲ್ಲಿಯೂ ಎಲ್ಲ ಸರಿಯಿದೆ ಎಂದಲ್ಲ. ಮೊದಲು 160 ಇದ್ದ ತಂಡಗಳನ್ನು 2021ರಲ್ಲಿ 120ಕ್ಕೆ ಇಳಿಸಿದಾಗ ನಲವತ್ತರಷ್ಟು ಊರುಗಳು ತಮ್ಮ ತಂಡದ ಸ್ಥಾನ ಕಳೆದುಕೊಂಡವು.

ನಮ್ಮಲ್ಲಿ ಕಳೆದುಕೊಳ್ಳಲಿಕ್ಕೂ ಏನೂ ಇಲ್ಲ, ಯಾಕೆಂದರೆ ಈಚಿನ ವರ್ಷಗಳಲ್ಲಿ ಊರುಗಳಿಗೆ ಕೊಟ್ಟೇ ಇಲ್ಲ. 2023 ಮತ್ತು 2024ರಲ್ಲಿ ಆರೂ ತಂಡಗಳು ಬೆಂಗಳೂರೊಂದರಲ್ಲೇ ಆಡಿದವು. ಹುಬ್ಬಳ್ಳಿ ತಂಡ ಹುಬ್ಬಳ್ಳಿಯಲ್ಲಿ ಆಡಲಿಲ್ಲ, ಶಿವಮೊಗ್ಗದ್ದು ಶಿವಮೊಗ್ಗದಲ್ಲಿ ಆಡಲಿಲ್ಲ. 2025ರಲ್ಲಿ ಟೂರ್ನಿ ಮೈಸೂರಿಗೆ ಬಂದದ್ದು ಯಾರೋ ಜಿಲ್ಲೆಗಳ ಮೇಲೆ ಪ್ರೀತಿ ತೋರಿದ್ದರಿಂದಲ್ಲ. ಆ ಜೂನ್ 4ರಂದು ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ಮೇಲೆ ಅಲ್ಲಿ ಆಡಿಸುವ ಸ್ಥಿತಿ ಇರಲಿಲ್ಲ. ಹಾಗಾಗಿ ಮಾನಸಗಂಗೋತ್ರಿಯ ಒಡೆಯರ್ ಮೈದಾನಕ್ಕೆ ಬಂತು. ದುರಂತ ತಂದ ಆತಿಥ್ಯ ಅದು. ಅದನ್ನು ಯಾರೂ ಸಾಧನೆ ಎಂದು ಬರೆದುಕೊಳ್ಳಬಾರದು. ಆ ಆಗಸ್ಟ್ 28ರ ಫೈನಲ್ಲಿಗೆ ಮಳೆ ಬಂತು. ಮಳೆ ಬಂದಾಗ ಗುರಿ ಹೊಂದಿಸುವ ವಿಜೆಡಿ ಲೆಕ್ಕದಲ್ಲಿ ಮಂಗಳೂರು ಡ್ರ್ಯಾಗನ್ಸ್ 14 ರನ್ನಿಂದ ಹುಬ್ಬಳ್ಳಿಯನ್ನು ಸೋಲಿಸಿತು.

ಚಾಮರಾಜನಗರ ಜಿಲ್ಲೆಯ ಹೆಸರಂತೂ ಈ ತಂಡಗಳ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಮೈಸೂರಿನ ನೆರಳಿನಲ್ಲಿ ನಾವಿದ್ದೇವೆ ಎಂದು ಅಂದುಕೊಳ್ಳಬೇಕು. ಹೂಗ್ಯಂ, ಮೀಣ್ಯಂ ಸುದ್ದಿಯಾಗುವುದು ಬೇರೆ ಕಾರಣಗಳಿಗೆ. 1992ರ ಆಗಸ್ಟ್‌ನಲ್ಲಿ ಮೀಣ್ಯಂ ಬಳಿ ವೀರಪ್ಪನ್ ಗುಂಪು ಹೊಂಚುಹಾಕಿ ಎಸ್ಪಿ ಹರಿಕೃಷ್ಣ ಮತ್ತು ಎಸ್ಐ ಶಕೀಲ್ ಅಹಮದ್ ಅವರನ್ನು ಕೊಂದಾಗ ದೇಶ ಈ ಕಡೆ ನೋಡಿತು. 2025ರ ಜೂನ್‌ನಲ್ಲಿ ಹೂಗ್ಯಂ ವಲಯದ ಕಾಡಿನಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷದಿಂದ ಸತ್ತು ಬಿದ್ದಾಗ ಮತ್ತೆ ನೋಡಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ರಾಜ್ಯದ ಸಚಿವ ಸಂಪುಟವೇ ಮಲೆ ಮಹದೇಶ್ವರ ಬೆಟ್ಟ ಹತ್ತಿ ಸಭೆ ನಡೆಸಿ ಹೋಯಿತು. ಇಡೀ ಸರ್ಕಾರ ಬೆಟ್ಟದವರೆಗೆ ಬರಬಹುದಾದರೆ ಹನ್ನೊಂದು ಹುಡುಗರ ಒಂದು ತಂಡ ಕೊಳ್ಳೇಗಾಲದವರೆಗೆ ಯಾಕೆ ಬರಲಾಗದು?

ಬಂದರೆ ನೋಡಲು ಏನಿದೆ ಎಂದು ಕೇಳಬಹುದು. ಟೆನ್ನಿಸ್ ಬಾಲ್ ಟೂರ್ನಮೆಂಟ್ ಇದೆ. ರಾಗಿ, ಜೋಳ ಕೊಯ್ದ ಮೇಲೆ ಹೊಲ ಖಾಲಿ ಬೀಳುತ್ತದೆ. ತಿರುಪ್ಪೂರಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋದವರು ಹಬ್ಬಕ್ಕೆ ಬರುತ್ತಾರೆ. ಸುಣ್ಣದ ಪುಡಿಯಲ್ಲಿ ಗೆರೆ, ಟ್ರ್ಯಾಕ್ಟರ್ ಮೇಲೆ ಮೈಕ್ ಸೆಟ್, ಎಂಟ್ರಿ ಫೀ ಕಟ್ಟಿದ ತಂಡಗಳು, ಕೊಳ್ಳೇಗಾಲದಿಂದ ತಂದ ಕಪ್ಪು, ಕಪ್ಪಿಗೆ ಹಣ ಕೊಟ್ಟ ದಾನಿಯ ಹೆಸರು ಐದು ನಿಮಿಷಕ್ಕೊಮ್ಮೆ. ಪಿಚ್ಚಿನ ಒಂದು ತುದಿಯಲ್ಲಿ ಕೂಳೆ ಉಳಿದಿರುತ್ತದೆ, ಚೆಂಡು ಅಲ್ಲಿ ಬಿದ್ದರೆ ಎತ್ತ ತಿರುಗುತ್ತದೋ ಬೌಲರನಿಗೂ ತಿಳಿಯದು. ಅಂಥ ನೆಲದಲ್ಲಿ ಚೆಂಡನ್ನು ನೇರ ಬ್ಯಾಟಿನಲ್ಲಿ ಮರದ ಮೇಲೆ ಹಾಯಿಸುವವರಿದ್ದಾರೆ. ಅವರಿಗೆ ಚರ್ಮದ ಚೆಂಡು ಗೊತ್ತಿಲ್ಲ, ಮ್ಯಾಟಿನ ಮೇಲೆ ಆಡಿದವರಿಲ್ಲ, ಸೆಲೆಕ್ಷನ್ ಟ್ರಯಲ್ ಯಾವಾಗ, ಎಲ್ಲಿ ಎಂದು ಹೇಳುವವರೂ ಇಲ್ಲ. ಹೇಳಿದರೂ ಮೈಸೂರಿಗೆ ಹೋಗಿ ಬರುವ ಒಂದು ದಿನದ ಕೂಲಿ ಯಾರು ಕೊಡುತ್ತಾರೆ? ಇವರೆಲ್ಲ ಪಾಂಡೆ, ನಾಯರ್ ಆಗುತ್ತಾರೆ ಎಂದು ನಾವು ಹೇಳುತ್ತಿಲ್ಲ, ಬಹುತೇಕರು ಆಗುವುದಿಲ್ಲ. ನೋಡುವವರೇ ಇಲ್ಲದಿದ್ದರೆ ಆಗುವವನೊಬ್ಬನೂ ಹಬ್ಬ ಮುಗಿದ ಮರುದಿನ ತಿರುಪ್ಪೂರಿನ ಬಸ್ಸು ಹತ್ತುತ್ತಾನೆ.

ಆದ್ದರಿಂದ ಕ್ರಿಕೆಟ್ ಸಂಸ್ಥೆಯ ಆಡಳಿತವನ್ನು ಕೇಳಬೇಕಾದದ್ದು ದೊಡ್ಡದೇನಲ್ಲ. 2025ರ ಡಿಸೆಂಬರಿನಲ್ಲಿ ವೆಂಕಟೇಶ್ ಪ್ರಸಾದ್ ಅಧ್ಯಕ್ಷರಾಗಿದ್ದಾರೆ, ಆಡಿದವರು, ಅರ್ಥವಾಗುತ್ತದೆ. ಎಲ್ಲ ಊರಿಗೂ ಕ್ರೀಡಾಂಗಣ ಕಟ್ಟಿ ಎಂದರೆ ಅದು ಆಗದ ಮಾತು. ಮೈಸೂರು–ಬೆಂಗಳೂರು ಎರಡು ಪಂದ್ಯಗಳಲ್ಲಿ ಒಂದು ಮೈಸೂರಿನಲ್ಲಿ, ಒಂದು ಬೆಂಗಳೂರಿನಲ್ಲಿ ನಡೆಯಲಿ. ಹುಬ್ಬಳ್ಳಿಗೆ ಹುಬ್ಬಳ್ಳಿಯ ಪಂದ್ಯ ಮರಳಲಿ. ಟೂರ್ನಿಗೆ ಮುನ್ನ ಮೈಸೂರು ತಂಡ ಒಂದು ದಿನ ಕೊಳ್ಳೇಗಾಲಕ್ಕೋ ಚಾಮರಾಜನಗರಕ್ಕೋ ಬಂದು ನೆಟ್ಸ್ ಹಾಕಲಿ, ಅದೇ ದಿನ ಟ್ರಯಲ್ ಇಡಲಿ, ಬರುವ ಹುಡುಗರಿಗೆ ಬಸ್ ಚಾರ್ಜು ಕೊಡಲಿ. 2025ರ ಹರಾಜಿನಲ್ಲಿ ದೇವದತ್ತ ಪಡಿಕ್ಕಲ್ ಒಬ್ಬರಿಗೇ 13.20 ಲಕ್ಷ ಕೊಟ್ಟ ಲೀಗಿಗೆ ಬಸ್ ಚಾರ್ಜು ಭಾರವಾಗಲಾರದು.

ಇನ್ನು ಪಂದ್ಯದ ಮಾತು. ಹರಾಜು, ರಾಷ್ಟ್ರೀಯ ತಂಡದ ಕರೆ, ಗಾಯ ಎಲ್ಲ ಸೇರಿ ಎರಡೂ ತಂಡಗಳ ಪಟ್ಟಿ ಕೊನೆಯವರೆಗೆ ಅಲುಗಾಡುತ್ತದೆ, ಅದರ ಮೇಲೆ ಭವಿಷ್ಯ ಹೇಳುವುದು ವ್ಯರ್ಥ. ಬದಲಾಗದ ಒಂದು ಸಂಗತಿ ಮಾತ್ರ ಇದೆ. ಬೆಂಗಳೂರು ಬ್ಲಾಸ್ಟರ್ಸ್ 2018, 2022 ಮತ್ತು 2024ರಲ್ಲಿ ಫೈನಲ್ ತಲುಪಿತು, ಮೂರನ್ನೂ ಸೋತಿತು. ರಾಜ್ಯದ ಅತಿ ಒಳ್ಳೆಯ ಮೈದಾನ, ನೆಟ್ಸು, ಕ್ಲಬ್ಬುಗಳ ನಡುವೆ ಬೆಳೆದ ತಂಡಕ್ಕೆ ಆ ಹೆಸರಿನಲ್ಲಿ ಒಂದು ಕಪ್ಪೂ ಇಲ್ಲ. 2024ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಎದುರು ಪಂದ್ಯ ಸಮವಾಗಿ ಮೂರು ಸೂಪರ್ ಓವರ್ ಆಡಬೇಕಾಗಿ ಬಂದಾಗಲೂ ಮೂರನೆಯದರಲ್ಲಿ ಸೋತದ್ದು ಅವರೇ. ಒತ್ತಡದ ಕೊನೆ ಓವರುಗಳಲ್ಲಿ ಅವರ ಕೈ ನಡುಗುತ್ತದೆ ಎಂಬುದು ನಮ್ಮ ಅಭಿಪ್ರಾಯ, ಪಕ್ಷಪಾತ ಎಂದು ಬೇಕಾದರೆ ಓದುಗರು ಅಂದುಕೊಳ್ಳಲಿ. ಮೈಸೂರು ಮೊದಲು ಬ್ಯಾಟ್ ಮಾಡಿ ಹದಿನೇಳನೇ ಓವರಿಗೆ ಆರು ವಿಕೆಟ್ ಕೈಲಿಟ್ಟುಕೊಂಡರೆ ಪಂದ್ಯ ನಮ್ಮದು. ಬೆಂಗಳೂರು ಮೊದಲು ಬ್ಯಾಟ್ ಮಾಡಿ ಆಗಸ್ಟ್ ಮಳೆ ಅರ್ಧದಲ್ಲಿ ಬಂದರೆ ಲೆಕ್ಕ ಕಷ್ಟ. ಎರಡರಲ್ಲಿ ಒಂದು ಪಂದ್ಯ ಮೈಸೂರಿಗೆ ಖಂಡಿತ, ಎರಡನೆಯದಕ್ಕೆ ನಾವು ಪಣ ಕಟ್ಟುವುದಿಲ್ಲ.