ಉತ್ತರ ಬಂತು, ಅದರ ಕೆಳಗಿದ್ದ ಕಮೆಂಟ್ ಎಲ್ಲಿ ಹೋಯಿತು?

"ಅಶೋಕನ ಹೆಸರು ಇರುವ ಏಕೈಕ ಶಾಸನ ಯಾವುದು? ಉತ್ತರ: ರಾಯಚೂರು ಜಿಲ್ಲೆಯ ಮಸ್ಕಿ ಶಾಸನ."

ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆಗೆ ಓದುವವರ ಯಾವುದಾದರೂ ವಾಟ್ಸಾಪ್ ಗ್ರೂಪಿನಲ್ಲಿ ನೀವಿದ್ದರೆ ಈ ಪ್ರಶ್ನೋತ್ತರ ನಿಮಗೂ ಬಂದಿರಬಹುದು. ಸಿಂಧನೂರಿನ ಅಂಥದೊಂದು ಗ್ರೂಪಿನಲ್ಲಿ ನಾನೂ ಇದ್ದೇನೆ. ಅಲ್ಲಿಗೆ ಇದು ಯಾವುದೋ ಪ್ರಶ್ನೋತ್ತರ ಜಾಲತಾಣದ ಸ್ಕ್ರೀನ್‌ಶಾಟ್ ರೂಪದಲ್ಲಿ ಬಂತು. ಚಿತ್ರದ ಕೆಳ ಅಂಚಿನಲ್ಲಿ "3 ಕಮೆಂಟ್‌ಗಳು" ಎಂಬ ಅಕ್ಷರಗಳ ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು. ಉಳಿದದ್ದನ್ನು ಯಾರೋ ಕತ್ತರಿಸಿದ್ದರು.

ಮೊದಲು ಉತ್ತರದ ವಿಷಯ ಮುಗಿಸಿಬಿಡೋಣ. ಮಸ್ಕಿ ಶಾಸನದಲ್ಲಿ ಅಶೋಕನ ಹೆಸರು ಇರುವುದು ನಿಜ. "ಏಕೈಕ" ಎಂಬುದು ತಪ್ಪು. ಮಧ್ಯಪ್ರದೇಶದ ಗುಜರ್ರಾದಲ್ಲಿ 1950ರ ದಶಕದಲ್ಲಿ ಬೆಳಕಿಗೆ ಬಂದ ಶಾಸನದಲ್ಲೂ ಅವನ ಹೆಸರಿದೆ. ಅಷ್ಟು ದೂರ ಹೋಗುವುದೂ ಬೇಡ. ಸಿಂಧನೂರು ತಾಲೂಕಿನಿಂದ ತುಂಗಭದ್ರೆ ದಾಟಿದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕು. ಅಲ್ಲಿನ ನಿಟ್ಟೂರು ಮತ್ತು ಉಡೇಗೋಳದ ಶಾಸನಗಳಲ್ಲೂ ಅಶೋಕನ ಹೆಸರು ಸಿಕ್ಕಿದೆ. ಅಂದರೆ "ಏಕೈಕ" ಎಂಬ ಉತ್ತರ ಒಂದು ಕಾಲಕ್ಕೆ ಸರಿಯಾಗಿತ್ತು, ಈಗ ಹಳತಾಗಿದೆ. ಕತ್ತರಿಸಿ ಹೋದ ಕಮೆಂಟ್‌ಗಳನ್ನು ನಾನು ಆಮೇಲೆ ಹುಡುಕಿ ನೋಡಿದೆ. ಒಂದು "ಧನ್ಯವಾದ ಸರ್". ಇನ್ನೊಂದು "ಮಸ್ಕಿ ಈಗ ಲಿಂಗಸುಗೂರು ತಾಲೂಕಿನಲ್ಲಿಲ್ಲ, ಅದೇ ತಾಲೂಕಾಗಿದೆ" ಎಂಬ ತಿದ್ದುಪಡಿ. ಮೂರನೆಯದರಲ್ಲಿ ನಿಟ್ಟೂರಿನ ಹೆಸರಿತ್ತು.

ಕಮೆಂಟ್ ಇರುವುದು ಯಾಕೆ?

ಸುದ್ದಿಯ ಕೆಳಗೆ, ರೀಲ್ಸ್ ಕೆಳಗೆ ಬರುವ ಕಮೆಂಟ್‌ಗಳಿಗೆ ನಾವು ಒಗ್ಗಿಹೋಗಿದ್ದೇವೆ. ಅಲ್ಲಿ ಕಮೆಂಟ್ ಎಂದರೆ ಚಪ್ಪಾಳೆ, ಇಲ್ಲವೇ ಬೈಗುಳ. ಪ್ರಶ್ನೋತ್ತರ ತಾಣಗಳಲ್ಲಿ ಅದಕ್ಕೆ ಬೇರೆ ಕೆಲಸವಿದೆ. ಪ್ರಶ್ನೆ ಅಸ್ಪಷ್ಟವಾಗಿದ್ದರೆ "ಯಾವ ಊರು, ಯಾವ ವರ್ಷ?" ಎಂದು ಕೇಳಬೇಕು. ಉತ್ತರದಲ್ಲಿ ತಪ್ಪಿದ್ದರೆ ತೋರಿಸಬೇಕು, ಹಳತಾಗಿದ್ದರೆ ಹೇಳಬೇಕು.

ಪರೀಕ್ಷೆ ಬರೆದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪರೀಕ್ಷೆ ಮುಗಿದ ಮೇಲೆ ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ, ಆಕ್ಷೇಪಣೆಗೆ ಗಡುವು ಕೊಡುತ್ತದೆ. "ಈ ಉತ್ತರ ತಪ್ಪು" ಎಂದರೆ ಸಾಲದು, ಆಧಾರವನ್ನೂ ಕೊಡಬೇಕು. ವಿಷಯ ತಜ್ಞರು ನೋಡಿದ ಮೇಲೆ ಅಂತಿಮ ಕೀ ಉತ್ತರ ಬರುತ್ತದೆ. ಒಂದು ಅಂಕದಲ್ಲಿ ಕೆಲಸ ತಪ್ಪಿಸಿಕೊಂಡವರಿಗೆ ಆ ಆಕ್ಷೇಪಣೆಯ ಬೆಲೆ ಗೊತ್ತು. ಒಳ್ಳೆಯ ಕಮೆಂಟ್ ಎಂದರೆ ಇಂಥದೇ ಆಕ್ಷೇಪಣೆ. ಇಲ್ಲಿ ಗಡುವಿಲ್ಲ, ತಜ್ಞರ ಸಮಿತಿಯೂ ಇಲ್ಲ, ಅಷ್ಟೇ ವ್ಯತ್ಯಾಸ.

ಮಸ್ಕಿ ಶಾಸನದ ಕಥೆಯೇ ಇಂಥದೊಂದು ಆಕ್ಷೇಪಣೆಯಿಂದ ಶುರುವಾಗಿದೆ. 1837ರಲ್ಲಿ ಕೋಲ್ಕತ್ತದಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದರು. ಸ್ತಂಭಗಳ ಮೇಲೆ ಮತ್ತೆ ಮತ್ತೆ ಬರುವ "ದೇವಾನಂಪಿಯ ಪಿಯದಸಿ" ಯಾರು ಎಂಬ ಪ್ರಶ್ನೆ ಎದ್ದಿತು. ಶ್ರೀಲಂಕಾದ ಒಬ್ಬ ರಾಜನಿಗೂ ದೇವಾನಂಪಿಯ ಎಂಬ ಬಿರುದಿತ್ತು. ಹಾಗಾಗಿ ಇವನು ಅವನೇ ಇರಬೇಕು ಎಂದು ಪ್ರಿನ್ಸೆಪ್ ಊಹಿಸಿದರು. ಶ್ರೀಲಂಕಾದಲ್ಲೇ ಅಧಿಕಾರಿಯಾಗಿದ್ದ, ಪಾಲಿ ಭಾಷೆ ಬಲ್ಲ ಜಾರ್ಜ್ ಟರ್ನರ್ ಇದನ್ನು ತಿದ್ದಿದರು. ದೀಪವಂಸ ಎಂಬ ಪಾಲಿ ಗ್ರಂಥದಲ್ಲಿ ಪಿಯದಸ್ಸಿ ಎಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕ ಎಂದಿದೆ ಎಂಬ ಆಧಾರ ಕೊಟ್ಟರು. ಪ್ರಿನ್ಸೆಪ್ ಒಪ್ಪಿಕೊಂಡರು. ಊಹೆಯೂ ತಿದ್ದುಪಡಿಯೂ ಪ್ರಿನ್ಸೆಪ್ ಅವರೇ ಸಂಪಾದಿಸುತ್ತಿದ್ದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದವು. ಮುಂದೆ ಓದಿದವರಿಗೆ ಎರಡೂ ಸಿಕ್ಕವು.

ಆದರೂ ಅದು ಪುಸ್ತಕದ ಆಧಾರ. ಕಲ್ಲಿನ ಮೇಲೇ ಹೆಸರು ಸಿಗಲು 1915ರವರೆಗೆ ಕಾಯಬೇಕಾಯಿತು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಈ ಬರಹ ಬಿತ್ತು. ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಪ್ರಿನ್ಸೆಪ್ ತಮ್ಮ ಊಹೆಗೆ ಬಂದ "ಕಮೆಂಟ್" ಅನ್ನು ಕತ್ತರಿಸಿ ಇಟ್ಟಿದ್ದರೆ ಏನಾಗುತ್ತಿತ್ತೋ!

ನಿಯಮ ಒಂದೊಂದು ಕಡೆ ಒಂದೊಂದು ಥರ

ಸಾಫ್ಟ್‌ವೇರ್ ಕೆಲಸ ಮಾಡುವವರು 2008ರಿಂದ ಬಳಸುತ್ತಿರುವ ಸ್ಟ್ಯಾಕ್ ಓವರ್‌ಫ್ಲೋ ತಾಣದಲ್ಲಿ ಒಂದು ವಿಚಿತ್ರವಿದೆ. ಅಲ್ಲಿ ಹೊಸಬರೂ ಉತ್ತರ ಬರೆಯಬಹುದು. ಆದರೆ ಬೇರೆಯವರ ಉತ್ತರದ ಕೆಳಗೆ ಕಮೆಂಟ್ ಹಾಕಲು ಮೊದಲು 50 ಅಂಕ ಗಳಿಸಬೇಕು. ಕಮೆಂಟ್ 600 ಅಕ್ಷರ ದಾಟುವಂತಿಲ್ಲ. ಹಾಕಿದ ಮೇಲೆ ತಿದ್ದಲು ಸಿಗುವುದು 5 ನಿಮಿಷ. ನಿಮ್ಮ ಉತ್ತರಕ್ಕೆ ಒಂದು ಮೆಚ್ಚುಗೆ ಬಂದರೆ 10 ಅಂಕ, ಕಮೆಂಟ್‌ಗೆ ಎಷ್ಟು ಮೆಚ್ಚುಗೆ ಬಂದರೂ ಸೊನ್ನೆ. ತಪ್ಪು ತೋರಿಸಿದವರಿಗೆ ಏನೂ ದಕ್ಕುವುದಿಲ್ಲ. ನಮ್ಮ ಗ್ರೂಪುಗಳಲ್ಲೂ ಹಾಗೇ ಅಲ್ಲವೇ, ಬೈಗುಳವಾದರೂ ಸಿಗುತ್ತದೆ ಎನ್ನುವುದನ್ನು ಬಿಟ್ಟರೆ.

ಅಲ್ಲಿ ಕಮೆಂಟ್ ಶಾಶ್ವತವೂ ಅಲ್ಲ. ಬರೆದವರು ಉತ್ತರವನ್ನು ಸರಿಪಡಿಸಿಕೊಂಡರೆ ಕಮೆಂಟ್‌ನ ಕೆಲಸ ಮುಗಿಯಿತು, ಅದನ್ನು ಅಳಿಸಬಹುದು. ಉತ್ತರದ ಪಕ್ಕ ಕಾಣುವ ಹಸಿರು ಟಿಕ್ ಬಗ್ಗೆಯೂ ಒಂದು ಮಾತು. ಅದನ್ನು ಹಾಕುವುದು ಪ್ರಶ್ನೆ ಕೇಳಿದವರು. "ನನ್ನ ಸಮಸ್ಯೆಗೆ ಇದು ಆಗಿಬಂತು" ಎಂದಷ್ಟೇ ಅದರ ಅರ್ಥ, ತಜ್ಞರ ಮುದ್ರೆಯಲ್ಲ.

ಕನ್ನಡದಲ್ಲೂ ಇರುವ ಕೋರಾದಲ್ಲಿ ಉತ್ತರ ಬರೆದವರೇ ತಮ್ಮ ಉತ್ತರಕ್ಕೆ ಕಮೆಂಟ್ ಬಾರದಂತೆ ಮಾಡಿಕೊಳ್ಳಬಹುದು. ಹಾಗಾಗಿ "ಇದರ ಕೆಳಗೆ ಯಾರೂ ಏನೂ ಹೇಳಿಲ್ಲ, ಅಂದರೆ ಸರಿ ಇರಬೇಕು" ಎಂದುಕೊಳ್ಳುವಂತಿಲ್ಲ. ಕಮೆಂಟ್ ಹಾಕಿದವರೆಲ್ಲ ಸರಿಯೇ ಇರುತ್ತಾರೆ ಎಂದೂ ಅಲ್ಲ. ಆಧಾರ ಕೇಳುವ ಹಕ್ಕು ಎರಡೂ ಕಡೆಯವರಿಗೆ ಇದೆ.

ಫಾರ್ವರ್ಡ್ ಒತ್ತಿದಾಗ

ವಾಟ್ಸಾಪ್‌ನಲ್ಲಿ ಬಂದ ತಪ್ಪು ಮೆಸೇಜಿಗೆ ನೀವು ರಿಪ್ಲೈ ಒತ್ತಿ "ಇದು ಸುಳ್ಳು, ಇಲ್ಲಿದೆ ಆಧಾರ" ಎಂದು ಬರೆದಿರಿ ಎನ್ನಿ. ಗ್ರೂಪಿನ 200 ಜನ ಅದನ್ನು ನೋಡಿದರು. ಅವರಲ್ಲೊಬ್ಬರು ಮೂಲ ಮೆಸೇಜನ್ನು ಇನ್ನೊಂದು ಗ್ರೂಪಿಗೆ ಫಾರ್ವರ್ಡ್ ಮಾಡಿದರೆ ಹೋಗುವುದು ಮೂಲ ಮೆಸೇಜ್ ಮಾತ್ರ, ನಿಮ್ಮ ರಿಪ್ಲೈ ಇಲ್ಲೇ ಉಳಿಯುತ್ತದೆ. ಮೊದಲು ಕಳಿಸಿದವರು ನಾಚಿ "ಡಿಲೀಟ್ ಫಾರ್ ಎವ್ರಿಒನ್" ಒತ್ತಿದರೂ, ಅಷ್ಟರಲ್ಲಿ ಮುಂದೆ ಹೋದ ಪ್ರತಿಗಳು ಅಳಿಯುವುದಿಲ್ಲ. ತಪ್ಪು ಮುಂದಕ್ಕೆ ಹೋಗುತ್ತದೆ, ತಿದ್ದುಪಡಿ ಹಿಂದೆ ಉಳಿಯುತ್ತದೆ. ಪ್ರಶ್ನೋತ್ತರ ತಾಣಕ್ಕೂ ವಾಟ್ಸಾಪ್‌ಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಸ್ಕ್ರೀನ್‌ಶಾಟ್ ತೆಗೆದ ಕ್ಷಣ ಪ್ರಶ್ನೋತ್ತರ ತಾಣದ ಉತ್ತರವೂ ಈ ಸ್ಥಿತಿಗೆ ಬರುತ್ತದೆ.

ಐದು ಅಥವಾ ಹೆಚ್ಚು ಕೈ ದಾಟಿ ಬಂದ ಮೆಸೇಜಿಗೆ ಜೋಡಿ ಬಾಣದ ಗುರುತು ಬೀಳುತ್ತದೆ. 2020ರ ಏಪ್ರಿಲ್‌ನಿಂದ ಅಂಥದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಇದರಿಂದ ವೇಗ ತಗ್ಗುತ್ತದೆ, ಕಳೆದುಹೋದ ಕಮೆಂಟ್ ಮರಳಿ ಬರುವುದಿಲ್ಲ.

ಮಸ್ಕಿ ವಿಷಯದಲ್ಲಿ ಹೋಗುವುದು ಹೆಚ್ಚೆಂದರೆ ಒಂದು ಅಂಕ. ಆದರೆ ಭತ್ತದ ಗದ್ದೆಗಳ ಈ ಸೀಮೆಯಲ್ಲಿ ಹಾವು ಕಚ್ಚಿದಾಗ ಏನು ಮಾಡಬೇಕು ಎಂಬ ಪ್ರಶ್ನೆ ಬಂದರೆ? "ಗಾಯದ ಮೇಲ್ಭಾಗದಲ್ಲಿ ಹಗ್ಗ ಬಿಗಿಯಾಗಿ ಕಟ್ಟಿ, ಬ್ಲೇಡಿನಿಂದ ಕೊಯ್ದು ರಕ್ತ ಹರಿಸಿ" ಎಂಬ ಉತ್ತರ ಇವತ್ತಿಗೂ ಓಡಾಡುತ್ತಿದೆ. ಅದರ ಕೆಳಗೆ ವೈದ್ಯರೊಬ್ಬರು ಹಾಕಬೇಕಾದ ಕಮೆಂಟ್ ಹೀಗಿರುತ್ತದೆ: ಬಿಗಿಯಾಗಿ ಕಟ್ಟಿದರೆ ರಕ್ತ ಸಂಚಾರ ನಿಂತು ಕೈಕಾಲು ಕಳೆದುಕೊಳ್ಳುವ ಅಪಾಯವಿದೆ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ, ಕೊಯ್ದರೆ ರಕ್ತ ನಿಲ್ಲದೆ ಹೋಗಬಹುದು. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ಬೇಗ ಕರೆದೊಯ್ಯಿರಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಈಗ ಆ ಕಮೆಂಟನ್ನು ಕತ್ತರಿಸಿದ ಸ್ಕ್ರೀನ್‌ಶಾಟ್ ಹೊಲದಲ್ಲಿರುವವರ ಮೊಬೈಲಿಗೆ ತಲುಪಿತು ಎಂದುಕೊಳ್ಳಿ.

ಹೀಗಾಗಿ ಪ್ರಶ್ನೋತ್ತರದ ಸ್ಕ್ರೀನ್‌ಶಾಟ್ ಬಂದರೆ ನಾನು ಮೊದಲು ಅಂಚುಗಳನ್ನು ನೋಡುತ್ತೇನೆ. ದಿನಾಂಕ ಇದೆಯೇ? ಕೆಳಗೆ ಏನಾದರೂ ಕತ್ತರಿಸಿದೆಯೇ? ಆಮೇಲೆ ಪ್ರಶ್ನೆಯ ಸಾಲನ್ನು ಹಾಗೆಯೇ ಗೂಗಲ್‌ನಲ್ಲಿ ಹಾಕಿ ಮೂಲ ಪುಟ ತೆರೆಯುತ್ತೇನೆ. ಎರಡು ನಿಮಿಷ ಸಾಕು. ತಪ್ಪು ಎಂದು ಗೊತ್ತಾದರೆ ಬರೀ ರಿಪ್ಲೈ ಬರೆಯುವುದಿಲ್ಲ. ಪ್ರಶ್ನೆ, ತಪ್ಪು ಉತ್ತರ, ಸರಿ ಉತ್ತರ, ಆಧಾರ ನಾಲ್ಕನ್ನೂ ಒಂದೇ ಮೆಸೇಜಿನಲ್ಲಿ ಸೇರಿಸಿ ಹೊಸದಾಗಿ ಹಾಕುತ್ತೇನೆ. ಫಾರ್ವರ್ಡ್ ಆದರೆ ಎಲ್ಲವೂ ಒಟ್ಟಿಗೆ ಹೋಗಲಿ ಎಂದು.

ಮಸ್ಕಿ ಪ್ರಶ್ನೆಗೂ ಹಾಗೇ ಮಾಡಿದೆ. "ಅಕ್ಕ, ಪರೀಕ್ಷೆಯಲ್ಲಿ ಮಸ್ಕಿ ಅಂತಾನೇ ಬರೀಬೇಕಲ್ಲ?" ಎಂದು ಒಬ್ಬ ಹುಡುಗ ಕೇಳಿದ. "ಏಕೈಕ" ಎಂದು ಕೇಳಿ ಮಸ್ಕಿಯನ್ನೇ ಕೀ ಉತ್ತರ ಮಾಡಿದರೆ ಆಕ್ಷೇಪಣೆ ಸಲ್ಲಿಸು, ಆಧಾರ ನಾನು ಕೊಡ್ತೀನಿ ಎಂದೆ. ಎರಡು ವಾರದ ಮೇಲೆ ಲಿಂಗಸುಗೂರಿನ ಇನ್ನೊಂದು ಗ್ರೂಪಿನಿಂದ ಅದೇ ಸ್ಕ್ರೀನ್‌ಶಾಟ್ ಮತ್ತೆ ಬಂತು. ಈ ಸಲ ಕೆಳಗಿನ ಅರ್ಧ ಸಾಲೂ ಇರಲಿಲ್ಲ, ಅದರ ಜಾಗದಲ್ಲಿ ಗುಲಾಬಿ ಹೂವು ಮತ್ತು "ಶುಭೋದಯ" ಇತ್ತು.