ತಡವಾದರೆ ಆಗಲಿ, ಗಾಡಿ ನಿಲ್ಲಿಸಿ

ಮೈಸೂರಿನ ಕ್ರೈಸ್ತ ಬಂಧುಗಳೇ, ಅವರ ಅಕ್ಕಪಕ್ಕದ ಮನೆಯವರೇ,

ಮೊದಲು ನನ್ನ ತಪ್ಪು ಹೇಳಿಕೊಂಡುಬಿಡುತ್ತೇನೆ. ಪಾಪನಿವೇದನೆ ಅಂತಲೇ ಇಟ್ಟುಕೊಳ್ಳಿ. ಕೆಲವು ವರ್ಷಗಳ ಹಿಂದಿನ ಡಿಸೆಂಬರ್ ಕೊನೆ, ಸಂಜೆ ಏಳರ ಹೊತ್ತು. ರಿಂಗ್ ರೋಡಿನಲ್ಲಿ ಕಾರು ಓಡಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ಕುಲ್ಕುಲ್, ರೋಸ್ ಕುಕ್ಕೀಸ್, ಪ್ಲಮ್ ಕೇಕಿನ ಡಬ್ಬಗಳು. ಮೊದಲು ಇದ್ದ ಬಡಾವಣೆಯ ನೆರೆಯವರಿಗೆ ಹಬ್ಬದ ತಿಂಡಿ ಕೊಟ್ಟುಬರಲು ಹೊರಟಿದ್ದೆ. ರಸ್ತೆಯ ಎಡಬದಿಗೆ ಒಂದು ಸ್ಕೂಟರ್ ಮಗುಚಿ ಬಿದ್ದಿತ್ತು. ಸುತ್ತ ಹತ್ತು ಹದಿನೈದು ಜನ. ಅವರ ಕಾಲುಗಳ ಸಂದಿಯಿಂದ ಒಂದು ಕೈ ಕಂಡಿತು, ಗಾಜಿನ ಬಳೆ ತೊಟ್ಟ ಕೈ. ಬ್ರೇಕ್ ಒತ್ತಿದೆ. ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ‘ಇಷ್ಟು ಜನ ಇದ್ದಾರಲ್ಲ, ಯಾರಾದರೂ ನೋಡ್ಕೋತಾರೆ’ ಅಂದುಕೊಂಡು ಮುಂದೆ ಹೋದೆ. ಆಕೆ ಉಳಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಮರುದಿನ ಪತ್ರಿಕೆಯ ಒಳಪುಟಗಳನ್ನೆಲ್ಲ ತಿರುವಿ ಹಾಕಿದೆ, ಸುದ್ದಿ ಸಿಕ್ಕಲಿಲ್ಲ. ಸಿಕ್ಕದೆ ಹೋದದ್ದಕ್ಕೆ ಒಳಗೊಳಗೇ ಸಮಾಧಾನವಾಯಿತು ಎಂಬುದನ್ನೂ ಹೇಳಬೇಕು.

ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದ ಸಾಮತಿ ನಮಗೆಲ್ಲ ಬಾಯಿಪಾಠ. ಭಾನುವಾರದ ಶಾಲೆಯಲ್ಲಿ ನಾಟಕ ಆಡಿದ್ದೇವೆ. ನಾನಂತೂ ಒಮ್ಮೆ ಕತ್ತೆಯ ಪಾತ್ರವನ್ನೇ ಮಾಡಿದ್ದೆ. ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರು ಬಡಿದು ಬಿಸಾಡಿದ ಮನುಷ್ಯ. ಯಾಜಕ ನೋಡಿಕೊಂಡು ಹೋದ, ಲೇವಿಯ ನೋಡಿಕೊಂಡು ಹೋದ, ಯಹೂದ್ಯರು ಮನೆಯ ಹೊಸ್ತಿಲಿಗೂ ಸೇರಿಸದಿದ್ದ ಸಮಾರ್ಯದವನು ನಿಂತ. ಮೊದಲಿಬ್ಬರು ಕೆಟ್ಟವರೆಂದು ಸಾಮತಿ ಎಲ್ಲೂ ಹೇಳುವುದಿಲ್ಲ. ಅವರಿಗೂ ಎಲ್ಲಿಗೋ ಹೋಗಬೇಕಿತ್ತು, ಅಷ್ಟೆ. ಒಳ್ಳೆಯ ಕೆಲಸಕ್ಕೇ ಹೊರಟಿದ್ದರೇನೋ. ಹಿಂದಿನ ಸೀಟಿನಲ್ಲಿ ಕೇಕಿನ ಡಬ್ಬ ಇಟ್ಟುಕೊಂಡ ನನ್ನ ಹಾಗೆ.

ಈ ಸಾಮತಿ ಕೇಳಿದಾಗಲೆಲ್ಲ ನಾವು ನಮ್ಮನ್ನು ಸಮಾರ್ಯದವನ ಜಾಗದಲ್ಲಿ ಇಟ್ಟುಕೊಂಡು ಕೇಳುತ್ತೇವೆ. ಮೈಸೂರಿನ ಕ್ರೈಸ್ತರು ಹಾಗೆ ಕೇಳುವುದಕ್ಕೆ ಮೊದಲು ಒಮ್ಮೆ ಅಶೋಕ ರಸ್ತೆಗೆ ಹೋಗಿ ಸಂತ ಫಿಲೋಮಿನಾ ದೇವಾಲಯದ ಮುಂದೆ ನಿಲ್ಲುವುದು ಒಳ್ಳೆಯದು. 175 ಅಡಿ ಎತ್ತರದ ಆ ಜೋಡಿ ಗೋಪುರಗಳ ಕೆಳಗೆ 1933ರ ಅಕ್ಟೋಬರ್ 28ರಂದು ಅಡಿಗಲ್ಲಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅದಕ್ಕೂ ಮೊದಲು ಅಲ್ಲಿದ್ದ ಚರ್ಚು 1843ರದು, ಮುಮ್ಮಡಿಯವರ ಕಾಲದ ಕೊಡುಗೆ. ಚಾಮುಂಡಿಬೆಟ್ಟದ ತಾಯಿಗೆ ನಡೆದುಕೊಳ್ಳುವ ಅರಸರು ನಮಗೆ ಜಾಗ ಕೊಟ್ಟರು, ಕಲ್ಲು ಇಟ್ಟರು. ಕ್ರಿಸ್‌ಮಸ್ ರಾತ್ರಿ ಅಲ್ಲಿ ಮೇಣದಬತ್ತಿ ಹಚ್ಚುವ ಸಾಲಿನಲ್ಲಿ ಹೂ ಮುಡಿದು ಕುಂಕುಮ ಇಟ್ಟ ಹೆಂಗಸರು ಎಷ್ಟು ಜನ ನಿಂತಿರುತ್ತಾರೆ, ನೋಡಿದ್ದೀರಲ್ಲ. ಲೆಕ್ಕ ಹಾಕಿದರೆ ಈ ಊರಿನಲ್ಲಿ ನಾವು ಮೊದಲು ಉಪಕಾರ ಪಡೆದವರು. ಸಾಲ ನಮ್ಮ ಮೇಲಿದೆ.

ತೀರಿಸಲು ಹೊರಟವರೂ ಇದ್ದರು, ಮರೆಯಬಾರದು. ಟಿಪ್ಪು ಮಡಿದ 1799ರ ನಂತರ ಈ ಸೀಮೆಗೆ ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಬರೆದ ಪುಸ್ತಕವನ್ನು ಇತಿಹಾಸಕಾರರು ಇಂದಿಗೂ ಜಗಳವಾಡುತ್ತ ಓದುತ್ತಾರೆ. ಅದರಲ್ಲಿ ನಮ್ಮ ಜನರ ಬಗ್ಗೆ ಅವರು ಆಡಿದ ಎಷ್ಟೋ ಮಾತು ನನಗೂ ಹಿಡಿಸುವುದಿಲ್ಲ. ಆದರೆ ಸಿಡುಬಿಗೆ ಲಸಿಕೆ ಹೊಸದಾಗಿ ಬಂದಿದ್ದ 1803-04ರಲ್ಲಿ, ಜನ ಸೂಜಿ ಕಂಡರೆ ಓಡುತ್ತಿದ್ದ ಕಾಲದಲ್ಲಿ, ಅದೇ ಗುರು ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿಸಿದರು. ನೂರು ವರ್ಷದ ನಂತರ, 1906ರಲ್ಲಿ, ಮಂಡಿ ಮೊಹಲ್ಲಾದಲ್ಲಿ ವೆಸ್ಲಿಯನ್ ಮಿಷನ್ನಿನವರು ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬಾಕೆಯ ನೆನಪಿಗೆ ಆಸ್ಪತ್ರೆ ಎಬ್ಬಿಸಿದರು. ಬೋರ್ಡಿನ ಮೇಲೆ ಏನೇ ಇರಲಿ, ಹಳೇ ಮೈಸೂರಿನವರ ಬಾಯಲ್ಲಿ ಅದು ‘ಮಿಷನ್ ಆಸ್ಪತ್ರೆ’. ನಮ್ಮಜ್ಜಿ ಕಾಲದಲ್ಲಿ ಹುಟ್ಟಿದ ಊರು ಯಾವುದು ಎಂದು ಕೇಳಿದರೆ ‘ಮಿಷನ್ ಆಸ್ಪತ್ರೆ’ ಅನ್ನುವವರು ಇದ್ದರು.

ಈ ಹೆಸರುಗಳನ್ನು ಹೇಳಿ ಎದೆ ಉಬ್ಬಿಸುವುದು ಸುಲಭ. ಶತಮಾನೋತ್ಸವ, ಸ್ಮರಣ ಸಂಚಿಕೆ, ಶಾಲು, ಹಾರ. ನಾನು ಕೇಳಬೇಕೆಂದಿರುವುದು ಬಹಳ ಸಣ್ಣದು, ಹಾಗಾಗಿಯೇ ಕಷ್ಟದ್ದು. ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಗಾಡಿ ನಿಲ್ಲಿಸಿ. ಇಷ್ಟೇ ನನ್ನ ಮನವಿ.

ಇಷ್ಟಕ್ಕೆ ಇಷ್ಟುದ್ದ ಪೀಠಿಕೆ ಯಾಕೆ ಎಂದರೆ, ನಾವು ನಿಲ್ಲುತ್ತಿಲ್ಲ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ದೇಹ ಎರಡು ತುಂಡಾದ ಹರೀಶ್ ಎಂಬ ಯುವಕ ರಸ್ತೆಯಲ್ಲಿ ಬಿದ್ದು ಸಹಾಯಕ್ಕೆ ಅಂಗಲಾಚಿದ, ಜನ ಹಿಂಜರಿದರು ಎಂದು ಅಂದಿನ ಪತ್ರಿಕೆಗಳು ಬರೆದವು. ಆ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ ಆತ; ಕಣ್ಣುಗಳನ್ನು ತೆಗೆದುಕೊಳ್ಳಲು ಸಾಧ್ಯವಾಯಿತು. ಮರು ತಿಂಗಳೇ ಅವನ ಹೆಸರಲ್ಲಿ ಸರ್ಕಾರ ‘ಮುಖ್ಯಮಂತ್ರಿ ಸಾಂತ್ವನ ಹರೀಶ್’ ಯೋಜನೆ ತಂದಿತು: ಅಪಘಾತವಾದ ಮೊದಲ 48 ಗಂಟೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. ಮರುವರ್ಷ ಜನವರಿಯಲ್ಲಿ ನಮ್ಮ ಮೈಸೂರಿನ ಬಳಿಯೇ ಪೊಲೀಸ್ ಅಧಿಕಾರಿಯೊಬ್ಬರ ಜೀಪು ಬಸ್ಸಿಗೆ ಡಿಕ್ಕಿಯಾಗಿ ಅವರು ಒಳಗೆ ಸಿಕ್ಕಿಕೊಂಡಾಗ ನೆರೆದವರು ಫೋಟೋ ತೆಗೆದರು. ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಸೈಕಲ್ಲಿನಲ್ಲಿದ್ದ 18ರ ಹುಡುಗ ರಕ್ತದ ಮಡುವಿನಲ್ಲಿ ಕೈ ಚಾಚುತ್ತಿದ್ದ, ಮೊಬೈಲುಗಳು ಅವನತ್ತ ತಿರುಗಿದ್ದವು. ಇಬ್ಬರೂ ಉಳಿಯಲಿಲ್ಲ. 2022ರ ಒಂದೇ ವರ್ಷ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು.

ಜನ ಕಲ್ಲೆದೆಯವರಾಗಿದ್ದಾರೆ ಎಂದು ಬೈಯುವುದು ನನಗೆ ಇಷ್ಟವಿಲ್ಲ, ಬೈಯುವ ಯೋಗ್ಯತೆಯೂ ಇಲ್ಲ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಭಯ. 2013ರಲ್ಲಿ ಸೇವ್‌ಲೈಫ್ ಫೌಂಡೇಶನ್ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 74 ಜನ ಸಹಾಯಕ್ಕೆ ಹೋಗುವುದು ಅನುಮಾನ ಎಂದಿದ್ದರು. ಅವರಲ್ಲಿ ಬಹುಪಾಲು ಹೆದರಿದ್ದು ಪೊಲೀಸು, ಕೋರ್ಟು, ಸಾಕ್ಷಿ ಎಂಬ ಅಲೆದಾಟಕ್ಕೆ. ಹೆದರಿಕೆ ಸುಳ್ಳಾಗಿರಲಿಲ್ಲ. ನನ್ನ ಗೆಳೆಯರೊಬ್ಬರು ಹಿಂದೊಮ್ಮೆ ಗಾಯಾಳುವನ್ನು ಆಟೋದಲ್ಲಿ ಹಾಕಿಕೊಂಡು ಹೋದದ್ದಕ್ಕೆ ರಾತ್ರಿ ಹನ್ನೊಂದರವರೆಗೆ ಆಸ್ಪತ್ರೆಯೊಂದರ ಬಾಗಿಲಲ್ಲಿ ಕೂತು ‘ನೀವೇ ಗುದ್ದಿದ್ದಾ?’ ಎಂಬ ಪ್ರಶ್ನೆಗೆ ನಾಲ್ಕು ಸಲ ಉತ್ತರ ಕೊಟ್ಟಿದ್ದರು.

ಆ ಭಯಕ್ಕೆ ಈಗ ಔಷಧ ಬಂದಿದೆ. ಆ ಔಷಧದ ಹೆಸರೇ ನಮ್ಮ ಸಾಮತಿಯದು ಎಂಬುದನ್ನು ಎಷ್ಟು ಕ್ರೈಸ್ತರು ಗಮನಿಸಿದ್ದೀರಿ? ಗುಡ್ ಸಮರಿಟನ್ ಕಾನೂನು. ಒಳ್ಳೆಯ ಸಮಾರ್ಯದವನ ಕಾನೂನು. ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದು ಇದರ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಇದಕ್ಕಾಗಿ ತನ್ನದೇ ಕಾಯ್ದೆ ಮಾಡಿದ ಮೊದಲ ರಾಜ್ಯ ಯಾವುದು ಗೊತ್ತೆ? ನಮ್ಮ ಕರ್ನಾಟಕ, 2016ರ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಎಂಬ ಕಲಂ ಸೇರಿತು. ಅದರ ಸಾರ ಇಷ್ಟು: ಒಳ್ಳೆಯ ಮನಸ್ಸಿನಿಂದ, ಪ್ರತಿಫಲ ಬಯಸದೆ ಗಾಯಾಳುವಿಗೆ ನೆರವಾದವರ ಮೇಲೆ ಆ ನೆರವಿನಿಂದಾದ ತೊಂದರೆಗೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಮೊಕದ್ದಮೆ ನಡೆಯುವಂತಿಲ್ಲ. ನಿಮ್ಮ ಹೆಸರು, ವಿಳಾಸ ಹೇಳಿ ಎಂದು ಪೊಲೀಸರು ಒತ್ತಾಯಿಸುವಂತಿಲ್ಲ. ಸಾಕ್ಷಿ ಹೇಳುವುದು ಬಿಡುವುದು ನಿಮ್ಮ ಇಷ್ಟ. ಗಾಯಾಳುವನ್ನು ಸೇರಿಸಿ ನೀವು ಹೊರಟುಬಿಡಬಹುದು. ಇದರ ಮೇಲೆ 2025ರಲ್ಲಿ ಕೇಂದ್ರ ಸರ್ಕಾರ ಜೀವ ಉಳಿಸಿದವರಿಗೆ ಕೊಡುವ ಬಹುಮಾನವನ್ನು 5,000ದಿಂದ 25,000 ರೂಪಾಯಿಗೆ ಏರಿಸಿತು, ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷದ ನಗದುರಹಿತ ಚಿಕಿತ್ಸೆಯನ್ನೂ ತಂದಿತು. ಬಹುಮಾನದ ವಿಷಯ ನನಗೆ ಸ್ವಲ್ಪ ಮುಜುಗರ ತರುತ್ತದೆ. ಸಾಮತಿಯಲ್ಲಿ ದುಡ್ಡು ಕೊಟ್ಟವನು ಸಮಾರ್ಯದವನೇ. ಇರಲಿ, ಆಸೆಯಿಂದ ನಿಂತರೂ ನಿಲ್ಲಲಿ, ಬಿದ್ದವರಿಗೆ ವ್ಯತ್ಯಾಸ ಆಗದು.

ನಿಂತ ಮೇಲೆ ಏನು ಮಾಡಬೇಕು ಎಂಬುದು ತಿಳಿಯದೆಯೂ ಎಷ್ಟೋ ಜನ ನಿಲ್ಲುವುದಿಲ್ಲ. ನಿಮ್ಮ ಗಾಡಿಯ ನಾಲ್ಕೂ ಇಂಡಿಕೇಟರ್ ಹಾಕಿ ಹಿಂದಿನಿಂದ ಬರುವವರನ್ನು ಎಚ್ಚರಿಸಿ. ಇಲ್ಲದಿದ್ದರೆ ಎರಡನೆಯ ಅಪಘಾತ ನಿಮ್ಮದೇ. 108ಕ್ಕೆ ಫೋನ್ ಮಾಡಿ, ಸಿಕ್ಕದಿದ್ದರೆ 112. ಜಾಗ ಹೇಳುವಾಗ ‘ಇಲ್ಲೇ ರಿಂಗ್ ರೋಡಲ್ಲಿ’ ಅನ್ನಬೇಡಿ, ಯಾವ ಸರ್ಕಲ್ಲು, ಯಾವ ಪೆಟ್ರೋಲ್ ಬಂಕು, ಊರಿನಿಂದ ಹೊರಗೆ ಹೋಗುವ ಕಡೆಯೋ ಒಳಗೆ ಬರುವ ಕಡೆಯೋ ಹೇಳಿ. ರಕ್ತ ಸುರಿಯುವ ಕಡೆ ಚೊಕ್ಕ ಬಟ್ಟೆ ಮಡಚಿ ಗಟ್ಟಿಯಾಗಿ ಒತ್ತಿಹಿಡಿಯಿರಿ, ಆಗಾಗ ತೆಗೆದು ನೋಡಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ನಮ್ಮ ಜನರಿಗೆ ಮೊದಲು ಹೊಳೆಯುವುದೇ ಅದು, ಅಪಾಯದ್ದೂ ಅದೇ, ನೀರು ಉಸಿರಿನ ನಾಳಕ್ಕೆ ಇಳಿಯುತ್ತದೆ. ಕತ್ತು ತಿರುಗಿಸಿ ಎತ್ತಿ ಕೂರಿಸಬೇಡಿ. ಅವರ ಜೇಬಿನಲ್ಲಿ ಫೋನು ರಿಂಗಾಗುತ್ತಿದ್ದರೆ ತೆಗೆದು ಮಾತಾಡಿ, ಆ ಕಡೆ ಯಾರೋ ‘ಎಲ್ಲಿದ್ದೀಯಾ?’ ಎಂದು ಕಾಯುತ್ತಿರುತ್ತಾರೆ. ಇದೇನೂ ಮಾಡಲಾಗದಿದ್ದರೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೈ ಹಿಡಿದು ‘ಆಂಬುಲೆನ್ಸ್ ಬರ್ತಿದೆ, ಹೆದರಬೇಡಿ’ ಅನ್ನಿ. ಫೋಟೋ ಬೇಡ.

ಸಾಮತಿಯ ಎರಡನೆಯ ಅರ್ಧವನ್ನು ನಾವು ನಾಟಕದಲ್ಲಿ ಬೇಗ ಮುಗಿಸಿಬಿಡುತ್ತೇವೆ. ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ. ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಎಂದು ಛತ್ರದವನಿಗೆ ಹೇಳಿ ಹೋದ. ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತಾರೆ. ಸಮಾರ್ಯದವನು ಹೇಳಿದ್ದೂ ಅದೇ. ಕೆ.ಆರ್. ಆಸ್ಪತ್ರೆಯ, ಅಂದರೆ ನಮ್ಮ ದೊಡ್ಡಾಸ್ಪತ್ರೆಯ ಮೊಗಸಾಲೆಯಲ್ಲಿ ಒಮ್ಮೆ ನಿಂತು ನೋಡಿ. ಎಚ್.ಡಿ. ಕೋಟೆಯಿಂದ, ಚಾಮರಾಜನಗರದಿಂದ, ಮಂಡ್ಯದ ಹಳ್ಳಿಗಳಿಂದ ಬಂದವರು ಚಾಪೆ ಹಾಸಿ ಮಲಗಿರುತ್ತಾರೆ. ಚೀಟಿ ಯಾವ ಕೌಂಟರಿನದು, ಸ್ಕ್ಯಾನ್ ಎಲ್ಲಿ, ಸಹಿ ಯಾರದು ಎಂದು ತಿಳಿಯದೆ ತಿರುಗುತ್ತಿರುತ್ತಾರೆ. ನಿವೃತ್ತರಾಗಿ ಬೆಳಗಿನ ವಾಕಿಂಗ್ ಮುಗಿಸಿ ಪೇಪರ್ ಓದುತ್ತ ಕೂತ ನಮ್ಮಲ್ಲಿ ಎಷ್ಟು ಜನಕ್ಕೆ ಆ ಚೀಟಿ ಓದಲು ಬರುವುದಿಲ್ಲ? ವಾರಕ್ಕೆ ಒಂದು ಬೆಳಗ್ಗೆ ಕೊಡಿ.

ಇನ್ನು, ರಸ್ತೆಗೆ ಬೀಳದೆ ಮನೆಯೊಳಗೇ ಬಿದ್ದವರ ಮಾತು. ಮೈಸೂರನ್ನು ಪಿಂಚಣಿದಾರರ ಸ್ವರ್ಗ ಎಂದು ಹೊಗಳುತ್ತೇವೆ. ಯಾದವಗಿರಿ, ಸರಸ್ವತಿಪುರಂ, ಕುವೆಂಪುನಗರದ ದೊಡ್ಡ ಕಾಂಪೌಂಡುಗಳ ಒಳಗೆ ಒಬ್ಬರೇ ಇರುವ ಅಜ್ಜ ಅಜ್ಜಿಯರ ಮಕ್ಕಳು ಡಲ್ಲಾಸಿನಲ್ಲೋ ಸಿಡ್ನಿಯಲ್ಲೋ ಇದ್ದಾರೆ. ಬೆಳಗ್ಗೆ ಹಾಲಿನ ಪ್ಯಾಕೆಟ್ಟು ಗೇಟಿನ ಮೇಲೆ ಹತ್ತು ಗಂಟೆಯಾದರೂ ಇದೆ ಎಂದರೆ ಬೆಲ್ ಒತ್ತಿ. ಅವರ ಜಾತಿ, ಪಂಗಡ, ಚರ್ಚು ಕೇಳಬೇಡಿ, ಕ್ಯಾಥೊಲಿಕರೋ ಸಿಎಸ್‌ಐನವರೋ ಎಂದಂತೂ ಬೇಡವೇ ಬೇಡ. ಅವರಿಗೆ ಕರಪತ್ರ ಕೊಡಬೇಡಿ, ಪ್ರಾರ್ಥನಾ ಕೂಟಕ್ಕೆ ಕರೆಯಬೇಡಿ. ಬಿದ್ದವರ ಹತ್ತಿರ ಧರ್ಮದ ವ್ಯಾಪಾರಕ್ಕೆ ಹೋದರೆ ಅದು ಪ್ರೀತಿಯ ಲೆಕ್ಕಕ್ಕೆ ಸೇರುವುದಿಲ್ಲ. ಸಮಾರ್ಯದವನು ಗಾಯಾಳುವಿಗೆ ಯಾವ ಬೆಟ್ಟದ ಮೇಲೆ ಆರಾಧನೆ ಸರಿ ಎಂದು ಬೋಧಿಸಿದ್ದಿಲ್ಲ. ನಮ್ಮ ಸಮುದಾಯದ ಮೇಲೆ ಬಹಳ ಜನಕ್ಕಿರುವ ಗುಮಾನಿಗೆ ನಾವು ಕೊಡಬಹುದಾದ ಉತ್ತರವೂ ಇದೇ ಎಂದು ನನ್ನ ಅಭಿಪ್ರಾಯ.

ಗುರುಗಳಿಗೆ, ಸಭಾಪಾಲಕರಿಗೆ ಒಂದು ಮಾತು. ಭಾನುವಾರದ ಪೂಜೆ, ಆರಾಧನೆ ಮುಗಿದ ಮೇಲೆ ಜನ ಅಂಗಳದಲ್ಲಿ ಅರ್ಧ ಗಂಟೆ ನಿಂತು ಹರಟುವುದು ಎಲ್ಲ ಚರ್ಚಿನಲ್ಲೂ ಇದೆ. ತಿಂಗಳಿಗೆ ಒಂದು ಭಾನುವಾರ ಆ ಅರ್ಧ ಗಂಟೆಯನ್ನು ಒಬ್ಬ ನರ್ಸಿಗೆ ಕೊಡಿ. ನಮ್ಮ ಒಂದೊಂದು ಧರ್ಮಕೇಂದ್ರದಲ್ಲೂ ನರ್ಸುಗಳಿಗೆ ಬರವೇ? ರಕ್ತ ನಿಲ್ಲಿಸುವುದು, ಎದೆ ಒತ್ತುವುದು, ಗಾಯಾಳುವನ್ನು ಪಕ್ಕಕ್ಕೆ ಹೊರಳಿಸುವುದು ಹೇಳಿಕೊಡಲಿ. ಅಕ್ಕಪಕ್ಕದ ಬೀದಿಯ ಆಟೋದವರನ್ನು, ಹೂವಿನವರನ್ನು, ಮಸೀದಿಯ ಹುಡುಗರನ್ನು, ದೇವಸ್ಥಾನದ ಸಮಿತಿಯವರನ್ನು ಕರೆಯಿರಿ. ಅಪಘಾತವಾದ ಕಡೆ ಮೊದಲು ತಲುಪುವವರು ಆಟೋದವರೇ, ನಮ್ಮ ಕಾರುಗಳಲ್ಲ. ಅವರೇ ನಮಗೆ ಎಷ್ಟೋ ಕಲಿಸಿಯಾರು.

ನನ್ನ ಕಾರಿನ ಡಿಕ್ಕಿಯಲ್ಲಿ ಈಗ ಎರಡು ಒಗೆದ ಹಳೆಯ ಬೆಡ್‌ಶೀಟು, ಕೈಗವಸು, ಟಾರ್ಚು ಇವೆ. ಇನ್ನೂ ಬಳಸುವ ಸಂದರ್ಭ ಬಂದಿಲ್ಲ. ಈ ಸಲ ಕ್ರಿಸ್‌ಮಸ್‌ಗೆ ಕುಲ್ಕುಲ್ ಡಬ್ಬ ಒಂದು ಗಂಟೆ ತಡವಾಗಿ ಬಂದರೆ ಬೇಸರ ಮಾಡಿಕೊಳ್ಳಬೇಡಿ ಎಂದು ಹಳೆಯ ನೆರೆಯವರಿಗೆ ಮೊದಲೇ ಹೇಳಿಟ್ಟಿದ್ದೇನೆ.