ದೇಶದ ಆರ್ಕೆಸ್ಟ್ರಾದಲ್ಲಿ ವಿದೇಶಿ ವಾದಕರೇ ಹೆಚ್ಚು! ವಡೋದರಾ ಮೊದಲೇ ಹಿಡಿದಿದ್ದ ದಾರಿ ಯಾವುದು?

ದೇಶದ ಏಕೈಕ ವೃತ್ತಿಪರ ಸಿಂಫನಿ ಆರ್ಕೆಸ್ಟ್ರಾ ಎನಿಸಿರುವ 'ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ' ಹುಟ್ಟಿದ್ದು 2006ರಲ್ಲಿ, ಮುಂಬೈನ ಎನ್‌ಸಿಪಿಎಯಲ್ಲಿ. ಆದರೆ ವಾದಕರಲ್ಲಿ ಹೆಚ್ಚಿನವರು ವಿದೇಶಿಯರು. ಕಾರಣ ಸರಳ: ಇಲ್ಲಿ ಕಲಿಸುವ ಶಾಲೆಗಳೇ ಕಡಿಮೆ.

ಬರೋಡಾದ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡ್ ಶುರು ಮಾಡಿದ್ದೇ ಶಾಲೆಯಿಂದ. 1886ರಲ್ಲಿ ತೆರೆದ ಸಂಗೀತ ಶಾಲೆಯ ಹೊಣೆ ಹೊತ್ತವರು ಉಸ್ತಾದ್ ಮೌಲಾ ಬಕ್ಷ್. ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದು, ಕರ್ನಾಟಕ ಸಂಗೀತವನ್ನೂ ಅರಿತಿದ್ದವರು ಅವರು (ನಮ್ಮಲ್ಲಿ ಇದನ್ನು ನೆನೆಯುವವರು ಕಡಿಮೆ). ಗುರುವಿನ ಬಾಯಿಂದಲೇ ಕಲಿಯಬೇಕಿದ್ದ ಸಂಗೀತವನ್ನು ಸ್ವರಲಿಪಿಗೆ ಇಳಿಸಿ ತರಗತಿಗೆ ತಂದರು. ಹತ್ತಾರು ಜನ ಹಾಳೆ ನೋಡಿ ಒಟ್ಟಿಗೆ ನುಡಿಸಲು ಬೇಕಾದದ್ದೂ ಇಂಥದ್ದೇ ತಯಾರಿ.

ಆ ಶಾಲೆ ಇಂದು ವಡೋದರಾದ ಎಂ.ಎಸ್. ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗವಾಗಿದೆ. ಮುಂಬೈನಲ್ಲಿ ಮಕ್ಕಳಿಗಾಗಿ ಅಕಾಡೆಮಿ ಶುರುವಾಗಿದ್ದು ಆರ್ಕೆಸ್ಟ್ರಾ ಬಂದ ಆರು ವರ್ಷಗಳ ಬಳಿಕ, 2012ರಲ್ಲಿ.